ತೊಯ್ದ ಪ್ಲಗ್ಗು

ಹುಲಿಗೆಮ್ಮನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ದೋಣಿಯ ಎಂಜಿನ್ ಹೊಳೆಯ ನಡುವೆ ನಿಂತದ್ದು ಅವಳಿಂದಲ್ಲ. ಅದರ ಕಾಯಿಲ್ ಕೆಟ್ಟಿತ್ತು. ಹಾಗೆಂದು ಅವಳು ನನಗೆ ಎರಡು ಸಲ ಹೇಳಿದ್ದಳು — ಕಾಯಿಲ್ ಎಂಬ ಹೆಸರು ಅವಳಿಗೆ ಗೊತ್ತಿರಲಿಲ್ಲ, ಆದರೆ ಎಂಜಿನ್ ಯಾವಾಗ ನಿಲ್ಲುತ್ತದೆ, ಹೇಗೆ ನಿಲ್ಲುತ್ತದೆ ಎಂಬುದನ್ನು ಬಿಡಿಸಿ ಹೇಳಿದ್ದಳು. ನಾನು ಹೊಳೆದಂಡೆಯ ಮೇಲೆ ನಿಂತು, ಅವಳ ಊರಿನವರೆಲ್ಲರ ಎದುರು, ತಪ್ಪು ಅವಳದೆಂದು ಹೇಳಿದೆ. ಒಂಬತ್ತು ವರ್ಷ ಆ ಮಾತು ಹಾಗೆಯೇ ನಿಂತಿರಲು ಬಿಟ್ಟೆ.

ನಾನು ಲಿಂಗಸುಗೂರಿನಲ್ಲಿ ಮೋಟಾರು ಮೇಸ್ತ್ರಿ. ಪಂಪ್‌ಸೆಟ್ಟು, ಔಷಧಿ ಹೊಡೆಯುವ ಪಂಪು, ಹಳೆಯ ಬೈಕು — ಇವೇ ನನ್ನ ದಿನದ ಕೆಲಸ. ಕೃಷ್ಣೆಯ ನಡುಗಡ್ಡೆಗಳಲ್ಲಿ ವಾಸವಿರುವ ಜನರಿಗೆ ಮೊದಲು ತೆಪ್ಪವೇ ಗತಿಯಾಗಿತ್ತು. ಆಮೇಲೆ ಒಂದು ನಡುಗಡ್ಡೆಗೆ ಯಾವುದೋ ಸಂಘದವರು ಫೈಬರ್ ದೋಣಿ ಕೊಟ್ಟರು. ಅದರ ಹಿಂಬದಿಗೆ ತೂಗುಹಾಕುವ ಎಂಜಿನ್ ಕರಾವಳಿಯ ಕಡೆಯಿಂದ ಬಂದದ್ದು, ಆಗಲೇ ಇಪ್ಪತ್ತು ವರ್ಷ ಮೀನುಗಾರರ ಕೈಯಲ್ಲಿ ದುಡಿದಿತ್ತು. ನಮ್ಮ ಸುತ್ತಿನಲ್ಲಿ ಅಂಥ ಎಂಜಿನ್ ಬಿಚ್ಚಿ ನೋಡಿದವರೇ ಇರಲಿಲ್ಲ. ನಾನು ಬಿಚ್ಚಿದೆ, ಕಲಿತೆ. ಜನ ನನ್ನನ್ನು ‘ಬೋಟ್ ಮೇಸ್ತ್ರಿ’ ಎಂದು ಕರೆಯತೊಡಗಿದರು. ಆ ಹೆಸರು ನನಗೆ ಎಷ್ಟು ರುಚಿಸಿತ್ತು ಎಂದರೆ — ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆಯಿತು.

ಆ ದೋಣಿ ನಡೆಸುತ್ತಿದ್ದವಳು ಹುಲಿಗೆಮ್ಮ. ಅವಳ ಗಂಡ ದುರ್ಗಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ. ವಾರದಲ್ಲಿ ಒಂದು ದಿನ ಮನೆಗೆ ಬರುತ್ತಿದ್ದ. ಮಾವ ಅಮರಪ್ಪ ಹುಟ್ಟಾ ಅಂಬಿಗ. ತೆಪ್ಪ ನಡೆಸಿ ಸವೆದ ಕೈ ಅವನದು, ಆದರೆ ಎಂಜಿನ್ನಿನ ಹಗ್ಗ ಎಳೆಯುವಷ್ಟು ಕಸುವು ಉಳಿದಿರಲಿಲ್ಲ. ಹಾಗಾಗಿ ಅವನು ಸೊಸೆಗೇ ಹೊಳೆಯನ್ನು ಕಲಿಸಿದ. ಎಲ್ಲಿ ಬಂಡೆ, ಎಲ್ಲಿ ಸುಳಿ, ಮೇಲಿನಿಂದ ನೀರು ಬಿಟ್ಟಾಗ ಯಾವ ದಿಕ್ಕಿಗೆ ದೋಣಿ ಎಳೆಯುತ್ತದೆ — ಎಲ್ಲ. ನಮ್ಮ ಕಡೆ ಹೆಂಗಸು ದೋಣಿ ನಡೆಸುವುದು ಹೊಸದು. ಅಮರಪ್ಪ ಮಾತ್ರ ದಂಡೆಯ ಮೇಲೆ ಕೂತು ಬಂದವರಿಗೆಲ್ಲ ತೋರಿಸುತ್ತಿದ್ದ: “ನೋಡ್ರಿ, ನನ್ ಸೊಸಿ. ಹೊಳಿ ಆಕಿ ಮಾತು ಕೇಳ್ತೈತಿ.”

ಆ ವರ್ಷ ಮಳೆಗಾಲಕ್ಕೆ ಮುಂಚೆ ಅವಳು ಎಂಜಿನ್ನನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ನನ್ನ ಅಂಗಡಿಗೆ ಬಂದಳು.

“ಮೇಸ್ತ್ರೀ, ತಣ್ಣಗ ಇದ್ದಾಗ ಒಂದ ಹಗ್ಗಕ್ಕ ಚಾಲೂ ಆಗ್ತೈತ್ರಿ. ಕಾದ ಮ್ಯಾಲ ಬಂದ್ ಬೀಳ್ತೈತಿ. ಅರ್ಧ ತಾಸು ಬಿಟ್ರ ಮತ್ತ ತಾನ ಚಾಲೂ ಆಗ್ತೈತಿ.”

ನಾನು ಪ್ಲಗ್ ಬಿಚ್ಚಿದೆ. ಅದನ್ನು ಎಂಜಿನ್ನಿನ ಮೈಗೆ ತಾಗಿಸಿ ಹಗ್ಗ ಎಳೆದೆ. ಚಟ್ ಎಂದು ನೀಲಿ ಕಿಡಿ ಹಾರಿತು. ಕಿಡಿ ನೀಲಿಯಿದ್ದರೆ ಎಂಜಿನ್ನಿನ ಕರೆಂಟು ಸರಿಯಿದೆ ಎಂದರ್ಥ. ಅದು ಮೊದಲ ಪಾಠ. ಆದರೆ ಕಿಡಿ ಹುಟ್ಟಿಸುವ ಕಾಯಿಲ್ ಎಂದರೆ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ. ಹಳೆಯದಾದಾಗ ಅದರ ಮೇಲಿನ ಲೇಪ ಒಳಗೊಳಗೇ ಬಿರಿಯುತ್ತದೆ. ತಣ್ಣಗಿದ್ದಾಗ ಬಿರುಕು ಮುಚ್ಚಿರುತ್ತದೆ, ಕಾದಾಗ ತೆರೆಯುತ್ತದೆ. ಕರೆಂಟು ಒಳಗೇ ಸೋರಿಹೋಗಿ ಪ್ಲಗ್ಗಿಗೆ ಏನೂ ತಲುಪುವುದಿಲ್ಲ. ಅದನ್ನು ಹಿಡಿಯಬೇಕಾದರೆ ಎಂಜಿನ್ನನ್ನು ನೀರಿನ ಡ್ರಮ್ಮಿನಲ್ಲಿ ಇಳಿಸಿ, ಕಾಯುವವರೆಗೆ ಓಡಿಸಿ, ನಿಂತ ಕೂಡಲೇ ಕಿಡಿ ನೋಡಬೇಕು. ಇದು ಎರಡನೆಯ ಪಾಠ. ಇದೂ ನನಗೆ ಗೊತ್ತಿತ್ತು.

“ನೋಡವಾ, ನೀಲಿ ಕಿಡಿ,” ಎಂದೆ.

“ಅದು ಈಗ ತಣ್ಣಗ ಐತ್ರಿ,” ಎಂದಳು.

ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ಒಬ್ಬ ಹೆಂಗಸು ನನಗೆ ಎಂಜಿನ್ನಿನ ಪಾಠ ಹೇಳುತ್ತಿದ್ದಾಳೆ ಎಂದು ಅವರು ನನ್ನ ಮುಖ ನೋಡಿದರು. ನಾನು ನಕ್ಕೆ. “ನೀ ಮೇಸ್ತ್ರಿ ಆಗು, ನಾ ಬೋಟ್ ನಡಸ್ತೀನಿ,” ಎಂದೆ. ಅವರೂ ನಕ್ಕರು. ಅವಳು ನಗಲಿಲ್ಲ. ಪ್ಲಗ್ ಒರೆಸಿ, ಕರೆಂಟು ಕಡಿದು ಕೂಡಿಸುವ ಪಾಯಿಂಟಿಗೆ ಉಜ್ಜುಕಾಗದ ತಿಕ್ಕಿ ಕೊಟ್ಟು ಕಳಿಸಿದೆ.

ಹದಿನೈದು ದಿನಕ್ಕೆ ಮತ್ತೆ ಬಂದಳು, ಅದೇ ಮಾತು ಹೇಳಿದಳು. ನಾನು ತಣ್ಣನೆಯ ಎಂಜಿನ್ನಿನಲ್ಲಿ ಮತ್ತೆ ನೀಲಿ ಕಿಡಿ ತೋರಿಸಿದೆ. ಡ್ರಮ್ಮು ಅಂಗಡಿಯ ಹಿಂದೆಯೇ ಇತ್ತು. ನೀರು ತುಂಬಿಸಿ ಅರ್ಧ ತಾಸು ಓಡಿಸಿದ್ದರೆ ಸಾಕಿತ್ತು. ಯಾಕೆ ಮಾಡಲಿಲ್ಲ? ಕೆಲಸದ ಗಡಿಬಿಡಿ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಗಡಿಬಿಡಿ ಇರಲಿಲ್ಲ. ಓಡಿಸಿ ನೋಡಿದರೆ ಅವಳ ಮಾತು ನಿಜವಾದೀತು ಎಂಬ ಅಳುಕು — ಅಷ್ಟೇ. ಆ ದಿನವೇ ಸಂಘದವರು ಕಳಿಸಿದ್ದ ಕಾಗದಕ್ಕೂ ಸಹಿ ಹಾಕಿದೆ: ಎಂಜಿನ್ ಸುಸ್ಥಿತಿಯಲ್ಲಿದೆ.

ಶ್ರಾವಣದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಹೊಳೆ ಇನ್ನೂ ಅಪಾಯದ ಮಟ್ಟಕ್ಕೆ ಬಂದಿರಲಿಲ್ಲ, ಆದರೆ ಸೆಳೆತ ಹೆಚ್ಚಿತ್ತು. ಆ ಬೆಳಿಗ್ಗೆ ಹುಲಿಗೆಮ್ಮ ನಡುಗಡ್ಡೆಯಿಂದ ಈಚೆ ದಂಡೆಗೆ ಮೂರನೆಯ ಸಲ ಬರುತ್ತಿದ್ದಳು. ಎಂಜಿನ್ ಚೆನ್ನಾಗಿ ಕಾದಿತ್ತು. ದೋಣಿಯಲ್ಲಿ ಅವಳನ್ನು ಬಿಟ್ಟು ಏಳು ಜನ: ಲಸಿಕೆ ಹಾಕಲು ಹೋಗಿದ್ದ ಆಶಾ ಕಾರ್ಯಕರ್ತೆ, ರೇಷನ್ನಿಗೆ ಹೊರಟ ಹೆಂಗಸರು, ಕಣ್ಣು ತೋರಿಸಲು ಹೊರಟ ಅಮರಪ್ಪ. ಹೊಳೆಯ ನಡುವೆ ಎಂಜಿನ್ ನಿಂತಿತು.

ಅವಳು ಹಗ್ಗ ಎಳೆದಳು. ಮತ್ತೆ ಎಳೆದಳು. ಹತ್ತು ಸಲವೋ ಹದಿನೈದು ಸಲವೋ — ದೋಣಿ ಅಷ್ಟರಲ್ಲಿ ಬಂಡೆಗಳ ಕಡೆಗೆ ಜಾರತೊಡಗಿತ್ತು. ಆಗ ಹಗ್ಗ ಬಿಟ್ಟು ಬಿದಿರಿನ ಗಳ ಹಿಡಿದಳು. ಸುಳಿಯನ್ನು ತಪ್ಪಿಸಿದಳು, ಮೊದಲ ಬಂಡೆಯನ್ನು ತಪ್ಪಿಸಿದಳು. ಎರಡನೆಯದಕ್ಕೆ ದೋಣಿಯ ಅಂಚು ಬಡಿಯಿತು. ಅಮರಪ್ಪ ತಡೆಯಲು ಕೈ ಚಾಚಿದ, ಮುಂಗೈ ಮೂಳೆ ಮುರಿಯಿತು. ಅರ್ಧ ಮೈಲು ಕೆಳಗೆ ಅವಳು ದೋಣಿಯನ್ನು ದಂಡೆ ಹತ್ತಿಸಿದಳು. ಒಂದು ಜೀವವೂ ಹೋಗಲಿಲ್ಲ.

ಮರುದಿನ ದಂಡೆಯ ಮೇಲೆ ಎಲ್ಲರೂ ಸೇರಿದರು. ದೋಣಿ ಕೊಟ್ಟ ಸಂಘದಿಂದ ಇಬ್ಬರು ಬಂದಿದ್ದರು. ನನ್ನನ್ನೂ ಕರೆಸಿದರು. ಎಂಜಿನ್ನಿನದೇ ದೋಷವಾದರೆ ಕರಾವಳಿಯಿಂದ ಬೇರೆ ಮೇಸ್ತ್ರಿಯನ್ನು ಕರೆಸಿ ಬಿಚ್ಚಿ ನೋಡಿಸುತ್ತೇವೆ ಎಂದು ಅವರು ಹೇಳಿದ್ದು ನನ್ನ ಕಿವಿಗೆ ಬಿತ್ತು. ನನ್ನ ಸಹಿ ಇದ್ದ ಕಾಗದ ಅವರ ಕೈಯಲ್ಲೇ ಇತ್ತು.

ನಾನು ಎಲ್ಲರೆದುರು ಪ್ಲಗ್ ಬಿಚ್ಚಿದೆ. ಅದು ಪೆಟ್ರೋಲಿನಲ್ಲಿ ತೊಯ್ದು ಹೋಗಿತ್ತು. ಮೇಲೆತ್ತಿ ತೋರಿಸಿದೆ.

“ಮಷಿನ್ ಬರೋಬರಿ ಐತ್ರಿ. ಚೋಕ್ ಎಳ್ದು ಪೆಟ್ರೋಲ್ ತುಂಬಿಸ್ಯಾಳ. ನಡ್ಸೋ ಕೈಯಾಗ ದೋಷ ಐತಿ.”

ಇವೇ ನಾನು ಆಡಿದ ಮಾತುಗಳು. ಅಂದು ನನಗೆ ಸತ್ಯ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆಯಬಹುದಿತ್ತು. ಬರೆಯಲೂ ಹೊರಟಿದ್ದೆ. ಆದರೆ ಪ್ಲಗ್ ಎರಡು ಕಾರಣಕ್ಕೆ ತೊಯ್ಯುತ್ತದೆ — ಚೋಕ್ ಹೆಚ್ಚಾದರೂ ತೊಯ್ಯುತ್ತದೆ, ಕಿಡಿ ಬರದೆ ಮತ್ತೆ ಮತ್ತೆ ಹಗ್ಗ ಎಳೆದರೂ ತೊಯ್ಯುತ್ತದೆ. ಕೆಲಸ ಕಲಿತ ಮೊದಲ ವರ್ಷವೇ ಅದು ನನಗೆ ಗೊತ್ತಿತ್ತು. ಎರಡರಲ್ಲಿ ಒಂದನ್ನು ಮಾತ್ರ ಹೇಳಿದೆ. ಪ್ಲಗ್ ಎಂದರೇನೆಂದು ಅರಿಯದ ಜನಕ್ಕೆ ತೊಯ್ದ ಪ್ಲಗ್ ತೋರಿಸಿ ಸಾಕ್ಷಿ ಎಂದೆ.

ಹುಲಿಗೆಮ್ಮ ಒಂದೇ ಮಾತು ಅಂದಳು: “ನಾ ಚೋಕ್ ಮುಟ್ಟಿಲ್ರಿ.” ಯಾರೂ ಕೇಳಿಸಿಕೊಳ್ಳಲಿಲ್ಲ. ಅಮರಪ್ಪ ಎದ್ದ. ಮುರಿದ ಕೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ಜೋತಿತ್ತು. ಸೊಸೆಯ ಹತ್ತಿರ ಹೋಗಿ, “ಬಿಡವಾ, ಇನ್ನ ಸಾಕು,” ಎಂದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತೇನೋ.

ದೋಣಿ ಅಮರಪ್ಪನ ತಮ್ಮನ ಮಗ ಯಂಕಪ್ಪನ ಕೈಗೆ ಹೋಯಿತು.

ಎಂಜಿನ್ನನ್ನು ನಾನು ಅಂಗಡಿಗೆ ತಂದಿದ್ದೆ. ಮರುದಿನ ಬೆಳಿಗ್ಗೆ ಡ್ರಮ್ಮಿಗೆ ನೀರು ತುಂಬಿಸಿ ಎಂಜಿನ್ ಇಳಿಸಿದೆ. ಒಂದೇ ಹಗ್ಗಕ್ಕೆ ಹೊತ್ತಿಕೊಂಡಿತು. ಇಪ್ಪತ್ತು ನಿಮಿಷ ಓಡಿತು. ಆಮೇಲೆ ಎರಡು ಸಲ ಮುಗ್ಗರಿಸಿ ನಿಂತಿತು. ಕೈ ಸುಡುತ್ತಿದ್ದರೂ ಪ್ಲಗ್ ಬಿಚ್ಚಿ ನೋಡಿದೆ. ಕಿಡಿಯಿಲ್ಲ. ಎಂಜಿನ್ ಬಂದ್ ಮಾಡುವ ಗುಂಡಿಯ ತಂತಿ ಎಲ್ಲಾದರೂ ತಾಗಿರಬಹುದು ಎಂದು ಅದನ್ನು ಬಿಚ್ಚಿದೆ. ಆಗಲೂ ಇಲ್ಲ. ಅರ್ಧ ತಾಸು ಕಾದೆ. ತಣ್ಣಗಾದ ಮೇಲೆ ಎಳೆದೆ — ನೀಲಿ ಕಿಡಿ. ಅವಳು ಹೇಳಿದ್ದೆಲ್ಲ ಒಂದಕ್ಷರ ತಪ್ಪದೆ ನನ್ನ ಕಣ್ಣೆದುರು ನಡೆಯಿತು.

ಆಗಲಾದರೂ ಬಸ್ಸು ಹತ್ತಿ ದಂಡೆಗೆ ಹೋಗಬಹುದಿತ್ತು. ಆ ಬೆಳಿಗ್ಗೆ ಇನ್ನೂ ಏನೂ ಗಟ್ಟಿಯಾಗಿರಲಿಲ್ಲ. ನಾನು ಮಾಡಿದ್ದೇನೆಂದರೆ, ಬಿಡಿಭಾಗಕ್ಕೆಂದು ಕರಾವಳಿಯಿಂದ ತರಿಸಿ ಕಪಾಟಿನಲ್ಲಿಟ್ಟಿದ್ದ ಅದೇ ಜಾತಿಯ ಹಾಳು ಎಂಜಿನ್ನಿನಿಂದ ಒಳ್ಳೆಯ ಕಾಯಿಲ್ ತೆಗೆದು ಇದಕ್ಕೆ ಕೂರಿಸಿದೆ. ಪಾಯಿಂಟಿನ ಸಂದು ಅಳೆದು ಸರಿಮಾಡಿದೆ. ಈ ಸಲ ಎರಡು ತಾಸು ಡ್ರಮ್ಮಿನಲ್ಲಿ ಓಡಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ಇನ್ನೊಂದು ಕೆಲಸ ಮಾಡಿಲ್ಲ.

ಎಂಜಿನ್ ಕೂರಿಸಿ ಬರಲು ಹೋದಾಗ ಯಂಕಪ್ಪ ಕೇಳಿದ, “ಏನ್ ಮಾಡಿದ್ರಿ ಮೇಸ್ತ್ರಿ?”

“ಏನಿಲ್ಲ, ಸಾಫ್ ಮಾಡೀನಿ,” ಎಂದೆ.

ಆ ಮಳೆಗಾಲವೆಲ್ಲ ಎಂಜಿನ್ ಒಂದು ಸಲವೂ ನಿಲ್ಲಲಿಲ್ಲ. ನಾನು ಚೆನ್ನಾಗಿ ರಿಪೇರಿ ಮಾಡಿದ್ದೇ ಅವಳ ಮೇಲಿನ ಆರೋಪಕ್ಕೆ ಮೊಳೆ ಹೊಡೆಯಿತು. ಅದೇ ದೋಣಿ, ಅದೇ ಎಂಜಿನ್. ಬದಲಾದದ್ದು ಕೈ ಮಾತ್ರ ಎಂದು ಜನ ನೋಡಿದರು. ದಸರೆಯ ಹೊತ್ತಿಗೆ ನಾನು ಆ ಕಡೆ ಹೋಗಿದ್ದಾಗ ಅಮರಪ್ಪ ಚಹಾ ತರಿಸಿ ಕೊಟ್ಟ. “ನೀ ಹೇಳಿದ್ದ ಖರೇ ಆತು ನೋಡು ಮೇಸ್ತ್ರಿ,” ಎಂದ. ಅವನ ದನಿಯಲ್ಲಿ ಸಂತೋಷವಿರಲಿಲ್ಲ. ನನ್ನಿಂದ ‘ಅಲ್ಲ’ ಎಂಬ ಮಾತು ಬಂದೀತೇ ಎಂದು ಕಾಯುವವನ ಹಾಗೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ.

ನಾನು ತಲೆ ಆಡಿಸಿದೆ. ಹೌದೆಂದು.

ಬೇರೆ ಎಲ್ಲದಕ್ಕೂ ಏನಾದರೂ ಹೆಸರು ಕೊಡಬಹುದು — ಸೊಕ್ಕು, ಅಂಜಿಕೆ, ಸೋಮಾರಿತನ. ಆ ತಲೆ ಆಡಿಸಿದ್ದಕ್ಕೆ ನನ್ನಲ್ಲಿ ಹೆಸರಿಲ್ಲ.

ಹುಲಿಗೆಮ್ಮ ಆ ವರ್ಷವೇ ಮಗಳನ್ನು ಕರೆದುಕೊಂಡು ಸಿಂಧನೂರಿಗೆ, ತನ್ನ ಅಕ್ಕ ಇದ್ದಲ್ಲಿಗೆ ಹೋದಳೆಂದು ಕೇಳಿದೆ. ಅಲ್ಲಿ ಅಕ್ಕಿ ಮಿಲ್ಲಿನಲ್ಲಿ ಕೆಲಸ. ದುರ್ಗಪ್ಪ ವಾರದ ರಜೆಗೆ ಹಟ್ಟಿಯಿಂದ ಅಲ್ಲಿಗೇ ಹೋಗುತ್ತಿದ್ದನಂತೆ. ನಾನು ಹೆಚ್ಚು ಕೇಳಲು ಹೋಗಲಿಲ್ಲ. ಕೇಳದಿದ್ದರೆ ಗೊತ್ತಿಲ್ಲದ ಹಾಗೆ ಇರಬಹುದು.

ಈ ವರ್ಷ ಬೇಸಿಗೆಯಲ್ಲಿ ಒಬ್ಬರ ಪಂಪ್‌ಸೆಟ್ ನೋಡಲು ಮಸ್ಕಿಗೆ ಹೋಗಿದ್ದೆ. ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಯಾರೋ, “ಮೇಸ್ತ್ರೀ, ಆರಾಮ ಅದೀರೇನ್ರಿ?” ಎಂದರು. ತಿರುಗಿದರೆ ಹುಲಿಗೆಮ್ಮ. ಪಕ್ಕದಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನ ಮಗಳು. ಸಿಂಧನೂರು ಬಸ್ಸಿಗೆ ಕಾಯುತ್ತಿದ್ದರು.

ನಾನು ಬಸ್ಸಿನ ಬೋರ್ಡು ಓದುವವನ ಹಾಗೆ ಕಣ್ಣು ತಿರುಗಿಸಿದೆ. ಅವಳು ಮಾತ್ರ ಊರಿನವರನ್ನು ಕಂಡ ಹಾಗೆ ಮಾತಾಡಿಸಿದಳು. ನನ್ನ ಅಂಗಡಿ, ಮಕ್ಕಳು, ಎಲ್ಲ ವಿಚಾರಿಸಿದಳು. ಮಗಳಿಗೆ ನನ್ನನ್ನು ತೋರಿಸಿ, “ನಮ್ಮ ಬೋಟ್ ರಿಪೇರಿ ಮಾಡ್ತಿದ್ರಲ್ಲ, ಅವ್ರ ಇವ್ರು,” ಎಂದಳು. ಮಗಳು ನಕ್ಕಳು. “ಅವ್ವ ಬೋಟ್ ನಡಸ್ತಿದ್ಲು ಅಂದ್ರ, ಸಣ್ಣಾಕಿದ್ದಾಗ ನೋಡಿದ್ರೂ, ಈಗ ನನಗ ನಂಬಿಕಿನ ಬರಂಗಿಲ್ರಿ. ಮನ್ಯಾಗ ಮಿಕ್ಸಿ ಸೈತ ಮುಟ್ಟಂಗಿಲ್ಲ. ಚಟ್ನಿ ಮಾಡ್ಬೇಕಂದ್ರ ನಾ ಬರೂಮಟ ಕಾಯ್ತಾಳ.”

ಹುಲಿಗೆಮ್ಮನೂ ನಕ್ಕಳು. ಆಮೇಲೆ ದನಿ ಇಳಿಸಿ ನನಗೆ ಹೇಳಿದಳು:

“ಆಗ ಸಿಟ್ಟು ಬಂದಿತ್ರಿ ನಿಮ್ಮ ಮ್ಯಾಲ. ಈಗಿಲ್ಲ. ನೀವು ಹೇಳಿದ್ದ ಖರೇ ಇರ್ಬೇಕು. ಗಾಬ್ರ್ಯಾಗ ಚೋಕ್ ಎಳದಿರ್ಬೇಕು ನಾನು. ಎಷ್ಟು ನೆನಸಿಕೊಂಡ್ರೂ, ಎಳದ್ನೋ ಇಲ್ಲೋ — ನೆನಪಾಗವಲ್ದು.”

ಬಸ್ಸು ಬಂತು. ಅವರು ಹತ್ತಿದರು. ನಾನು ಬಾಯಿ ತೆರೆಯಲಿಲ್ಲ.

ಅವಳು ನನ್ನನ್ನು ಶಪಿಸುತ್ತಿದ್ದಾಳೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅದರಲ್ಲಿ ಒಂದು ಸಮಾಧಾನವೂ ಇತ್ತು — ಸತ್ಯ ಅವಳ ಹತ್ತಿರವಾದರೂ ಇದೆ ಎಂದು. ಇರಲಿಲ್ಲ. ತನ್ನ ಕೈ ಏನು ಮಾಡಿತು ಎಂಬ ನೆನಪನ್ನೇ ಅವಳಿಂದ ಕಿತ್ತುಕೊಂಡಿದ್ದೆ. ಸುಳ್ಳು ಹೇಳಿದವನು ನಾನು; ಅದನ್ನು ನಂಬಿ ಬದುಕು ಕಳೆದವಳು ಅವಳು.

ಹತ್ತು ದಿನ ತಡೆದು ಸಿಂಧನೂರಿಗೆ ಹೋದೆ. ಹತ್ತು ದಿನ ಯಾಕೆ ಬೇಕಾಯಿತು ಎಂದು ಕೇಳಬೇಡಿ. ಮಿಲ್ಲಿನ ಹಿಂದಿನ ಓಣಿಯಲ್ಲಿ ಅವಳ ಮನೆ. ಕಿಟಕಿಯ ಸರಳಿನ ಮೇಲೆಲ್ಲ ತೌಡಿನ ಧೂಳು. ಮಗಳು ಕಾಲೇಜಿಗೆ ಹೋಗಿದ್ದಳು. ಹುಲಿಗೆಮ್ಮ ಮೊರದಲ್ಲಿ ಅಕ್ಕಿ ಕೇರುತ್ತ ಕೂತಿದ್ದಳು. ನೀರು ಕೊಟ್ಟಳು. ನಾನು ಕುಡಿಯದೆ, ಪಕ್ಕಕ್ಕಿಟ್ಟು, ಎಲ್ಲವನ್ನೂ ಹೇಳಿದೆ. ಡ್ರಮ್ಮು, ಕಾಯಿಲ್, ಕಪಾಟು, ‘ಸಾಫ್ ಮಾಡೀನಿ’ ಎಂದದ್ದು, ಅಮರಪ್ಪನೆದುರು ತಲೆ ಆಡಿಸಿದ್ದು.

ಅವಳು ಮೊರದ ಅಕ್ಕಿಯಿಂದ ಕಲ್ಲೊಂದನ್ನು ಹೆಕ್ಕಿ ಎಸೆದಳು. ಆಮೇಲೆ ಕೇಳಿದಳು, “ಎಷ್ಟ್ ಹೊತ್ತಿಗೆ ಬಂದ್ ಬಿತ್ರಿ, ಡ್ರಮ್ಮಿನ್ಯಾಗ?”

“ಇಪ್ಪತ್ತು ಮಿನಿಟಿಗೆ.”

“ಮತ್ತ ಅರ್ಧ ತಾಸಿಗೆ ಚಾಲೂ ಆತು?”

“ಆತು.”

“ನಾ ಹೇಳಿದ್ನಲ್ರಿ.” ಸ್ವಲ್ಪ ತಡೆದು ಮತ್ತೆ ಅಂದಳು, “ನಾ ಹೇಳಿದ್ನಲ್ಲ.” ಎರಡನೆಯ ಸಲ ನನಗೆ ಹೇಳಿದ್ದಲ್ಲ.

ಆಮೇಲೆ ಅಮರಪ್ಪನ ಸುದ್ದಿ ಹೇಳಿದಳು. ನಾಲ್ಕು ವರ್ಷದ ಹಿಂದೆ ಅವನಿಗೆ ಎದೆನೋವು ಕಾಣಿಸಿಕೊಂಡ ದಿನ ಅವಳು ಅವನನ್ನು ನೋಡಲು ನಡುಗಡ್ಡೆಗೆ ಹೋಗಿದ್ದಳಂತೆ. ಯಂಕಪ್ಪ ದೋಣಿ ಕಟ್ಟಿಹಾಕಿ ಯಾರದೋ ತೆಪ್ಪದಲ್ಲಿ ಹೊಳೆ ದಾಟಿ ಲಿಂಗಸುಗೂರಿಗೆ ಹೋಗಿದ್ದ. ದೋಣಿ ಇತ್ತು, ಎಂಜಿನ್ ಇತ್ತು. “ಮಾವಾ, ನಾ ಕರಕೊಂಡು ಹೋಗ್ತೀನಿ ಏಳ್ರಿ,” ಎಂದಳು. ಅವನು, “ಬ್ಯಾಡವಾ, ಯಂಕ ಬರ್ಲಿ,” ಎಂದ. ಮೂರು ತಾಸು ಕಾದರು. ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಅವನು ಹೋದ.

ಆ ಮೂರು ತಾಸಿನಿಂದಲೇ ಅವನು ಸತ್ತ ಎಂದು ಅವಳು ಹೇಳಲಿಲ್ಲ. ಅಲ್ಲ ಎಂದು ನಾನು ಹೇಳಲಾರೆ.

“ಅವ್ರಿಗೆ ಹೇಳ್ಬೇಕಾಗಿತ್ರಿ ನೀವು,” ಎಂದಳು. “ನನಗಲ್ಲ.”

ದಂಡೆಯ ಮೇಲೆ, ನಾನು ಆ ಮಾತು ಆಡಿದ ಜಾಗದಲ್ಲೇ, ಎಲ್ಲರ ಮುಂದೆ ಹೇಳುತ್ತೇನೆ, ನೀನೂ ಬಾ ಎಂದೆ. ಅವಳು ಮೊರವನ್ನು ಕೆಳಗಿಟ್ಟಳು.

“ನಾ ಬರಂಗಿಲ್ಲ. ನೀವು ಸುಳ್ಳ ಹೇಳೂಮುಂದ ಅಲ್ಲಿ ನಿಂತಿದ್ದೆ, ಅಷ್ಟ ಸಾಕು. ನೀವ ಹೋಗಿ ಹೇಳ್ರಿ.”

ಸೋಮವಾರ ಹೋದೆ. ಜನ ದಾಟುವ ಹೊತ್ತಿಗೆ, ಬೆಳಿಗ್ಗೆ. ಯಂಕಪ್ಪನನ್ನು ದೋಣಿ ಬಿಡಬೇಡ ಎಂದು ತಡೆದು ನಿಲ್ಲಿಸಿ, ಗಟ್ಟಿಯಾಗಿ ಹೇಳಿದೆ. ಪ್ಲಗ್ ಯಾಕೆ ತೊಯ್ಯುತ್ತದೆ ಎಂಬುದನ್ನೂ ಬಿಡಿಸಿ ಹೇಳಿದೆ. ಅಂದು ಬಚ್ಚಿಟ್ಟ ಅರ್ಧವನ್ನೂ ಸೇರಿಸಿ. ಯಂಕಪ್ಪ ನೆಲ ನೋಡಿದ. ಒಬ್ಬ, “ಆಗಿದ್ದಾತು ಬಿಡ್ರಿ ಮೇಸ್ತ್ರಿ, ಈಗ್ಯಾಕ ಅದು,” ಎಂದ. ಅಂದು ದೋಣಿಯಲ್ಲಿದ್ದ ಆಶಾ ಕಾರ್ಯಕರ್ತೆ ಅಲ್ಲೇ ಇದ್ದಳು. ಅವಳು ಮಾತ್ರ ಬಿಡಲಿಲ್ಲ.

“ಯಾಕ ಬಿಡೂದು? ಆಕಿ ಗಳಾ ಹಿಡದು ನಮ್ಮ ಏಳ ಮಂದೀನ ಉಳಿಸಿದ್ಲು. ಕಣ್ಣಾರೆ ನೋಡಿದ್ವಿ. ಇಂವಾ ಒಂದು ಪ್ಲಗ್ ತೋರಿಸ್ದ, ನಾವು ಬಾಯಿ ಮುಚ್ಕೊಂಡ್ವಿ.” ಹಾಗೆಂದು ನನ್ನ ಕಡೆ ತಿರುಗಿ, “ನಿಮ್ಮ ಕೈಯಾಗ ಏನ್ ರಿಪೇರಿ ಮಾಡಿಸ್ಬೇಕ್ರಿ ಇನ್ನ?” ಎಂದಳು.

ಕೇಳಬೇಕಾದ ಪ್ರಶ್ನೆಯೇ. ನಾನು ಕೇಳಿಸಿಕೊಂಡು ನಿಂತೆ.

ಸಂಘದವರಿಗೂ ಕಾಗದ ಬರೆದು ಕಳಿಸಿದ್ದೇನೆ. ಅಂದು ದಂಡೆಯಲ್ಲಿದ್ದವರಲ್ಲಿ ಅರ್ಧದಷ್ಟು ಜನ ಈಗ ಅಲ್ಲಿಲ್ಲ. ಕೂಲಿಗೆ, ಮಕ್ಕಳ ಓದಿಗೆ ಎಂದು ಸುತ್ತಲ ಊರುಗಳಿಗೆ ಹೋಗಿದ್ದಾರೆ. ಒಬ್ಬೊಬ್ಬರ ಮನೆಗೂ ಹೋಗಬೇಕು. ಸಿಕ್ಕದವರಿಗಾಗಿ ಇದನ್ನು ಬರೆದಿದ್ದೇನೆ.

ಆ ಸೋಮವಾರ ಸಂಜೆಯೇ ಹುಲಿಗೆಮ್ಮನಿಗೆ ಫೋನು ಮಾಡಿ, “ಹೇಳಿ ಬಂದೆ,” ಎಂದೆ. “ಹೂಂ,” ಎಂದಳು. ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳಿದರೆ ಅವಳು ಕೊಟ್ಟುಬಿಡುತ್ತಾಳೆ, ಅಂಥವಳು. ಮತ್ತೊಮ್ಮೆ ಅವಳಿಂದ ತೆಗೆದುಕೊಳ್ಳಲು ನನಗೆ ಮುಖವಿಲ್ಲ. ದುರ್ಗಪ್ಪ ಏನೆಂದ ಎಂದು ಮಾತ್ರ ಕೇಳಿದೆ. ಅವಳು ಗಂಡನಿಗೆ ಇನ್ನೂ ಹೇಳಿರಲಿಲ್ಲ.

“ಅಂವ ಆಗ ಗಣಿಯಾಗಿದ್ದ. ಮಂದಿ ಹೇಳಿದ್ದ ನಂಬ್ಯಾನ. ಈಗ ನಾ ಹೇಳಿದ್ರ, ನನ್ನ ಕಡಿಗೆ ನಾನ ಎಳಕೊಂಡಂಗ ಆಕ್ಕೈತ್ರಿ. ನೀವ ಹೇಳ್ರಿ.”

ಇಪ್ಪತ್ತು ವರ್ಷ ಜೊತೆಯಲ್ಲಿ ಬಾಳಿದ ಗಂಡನೆದುರು ಅವಳ ಮಾತಿಗೆ ಬೆಲೆ ಬರಬೇಕಾದರೆ ಈಗಲೂ ನಾನು ಬಾಯಿ ತೆರೆಯಬೇಕು. ಅಷ್ಟರ ಮಟ್ಟಿಗೆ ಕೆಡಿಸಿದ್ದೇನೆ. ದುರ್ಗಪ್ಪನ ಪಾಳಿ ಈ ವಾರ ಮಧ್ಯಾಹ್ನಕ್ಕೆ ಬಿಡುತ್ತದಂತೆ. ನಾಳೆ ಹನ್ನೊಂದರ ಬಸ್ಸಿಗೆ ಹಟ್ಟಿಗೆ ಹೋಗುತ್ತೇನೆ, ಗಣಿಯ ಗೇಟಿನ ಹೊರಗೆ ನಿಲ್ಲುತ್ತೇನೆ.